ಸ್ವಂತದ್ದು

ರಾಮನಗರದ ಕಡೆ ಹೆಣ್ಣು ಕೊಡುವ ಮಾತು ಬಂದಾಗ, ನೌಕರಿ ಇಲ್ಲದ ಹುಡುಗನ ಬಗ್ಗೆಯೂ ಮನೆಯವರು ತಲೆಯೆತ್ತಿ ಹೇಳುವ ಮಾತೊಂದಿದೆ: ‘ಸ್ವಂತದ್ದು ಮಾಡ್ಕೊಂಡವ್ನೆ’. ಸ್ವಂತದ್ದು ಏನು ಎಂಬುದು ಆಮೇಲಿನ ವಿಚಾರ. ನೂಲು ಬಿಚ್ಚುವ ನಾಲ್ಕು ಬೇಸಿನ್ ಇರಬಹುದು, ಬೊಂಬೆ ಕಡೆಯುವ ಒಂದು ಲೇತ್ ಇರಬಹುದು, ಎಕರೆ ಹಿಪ್ಪುನೇರಳೆ ತೋಟ ಇರಬಹುದು. ಸರ್ಕಾರಿ ಕಾಗದಗಳು ‘ಉದ್ಯಮಶೀಲತೆ’ ಎನ್ನುವುದನ್ನು ಈ ಸೀಮೆ ಒಂದೇ ಪದದಲ್ಲಿ ಮುಗಿಸುತ್ತದೆ. ಆ ಪದಕ್ಕೆ ಇನ್ನೂರು ವರ್ಷಕ್ಕೂ ಹಿಂದಿನ ಬೇರಿದೆ.

1800ರಲ್ಲಿ, ಟಿಪ್ಪು ಮಡಿದ ಮರುವರ್ಷ, ಈಸ್ಟ್ ಇಂಡಿಯಾ ಕಂಪನಿಗಾಗಿ ಮೈಸೂರು ಸೀಮೆಯನ್ನು ಸುತ್ತಿ ನೋಡುತ್ತಿದ್ದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದ ಮೇಲೆ ಹಾದುಹೋದ. ಅಲ್ಲಿ ಗಾಜಿನ ಬಳೆ ಮಾಡುವವರು, ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವವರು ಅವನ ಕಣ್ಣಿಗೆ ಬಿದ್ದರು. ಬಿಳಿ ಸಕ್ಕರೆ ಮಾಡುವ ಗುಟ್ಟನ್ನು ಒಂದು ಮನೆತನ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಪಕ್ಕದ ಮಾಗಡಿ ಸೀಮೆಯಲ್ಲಿ ಅದಿರು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದರು. ಹೊರಗಿನ ಅಗ್ಗದ ಕಬ್ಬಿಣ ಬಂದಮೇಲೆ ಆ ಕುಲುಮೆಗಳು ಆರಿದವು. ವೀಣೆಯ ತಂತಿ ಎಳೆದು ಬದುಕಿದ್ದ ಊರು ಇದು ಎಂಬುದು ಇಂದು ಚನ್ನಪಟ್ಟಣದವರಿಗೇ ಮರೆತುಹೋದಂತಿದೆ. ಆ ನೆನಪು ಉಳಿಯಬೇಕಿತ್ತು.

ಉಳಿದದ್ದು ರೇಷ್ಮೆ. ಟಿಪ್ಪು ಹೊರಗಿನಿಂದ ಹುಳು ತರಿಸಿ, ರಾಜ್ಯದ 21 ಕಡೆ ಸಾಕಾಣಿಕೆಗೆ ಅಪ್ಪಣೆ ಮಾಡಿದ್ದ. ಅರಸನ ಹಣದಲ್ಲಿ ಶುರುವಾದದ್ದನ್ನು ಅರಸ ಹೋದಮೇಲೆ ಕೈಬಿಡದೆ ನಡೆಸಿದ್ದು ಮನೆಮಂದಿ. 1860ರ ದಶಕದಲ್ಲಿ ಹುಳುಗಳಿಗೆ ರೋಗ ಬಿತ್ತು. ಇಟಲಿಯ ಡಿ ವೆಕ್ಕಿ ಜಪಾನಿನಿಂದ ಮೊಟ್ಟೆ ತರಿಸಿದ, ಕೆಂಗೇರಿಯಲ್ಲಿ ನೂಲು ಬಿಚ್ಚುವ ಕಾರ್ಖಾನೆಯನ್ನೂ ಹಾಕಿದ. ಆ ಕಾರ್ಖಾನೆ ಬಾಳಲಿಲ್ಲ. ಹಟ್ಟಿಯ ಮೂಲೆಯ ತಟ್ಟೆಗಳಲ್ಲಿ ಹುಳು ಮೇಯುವುದು ಮಾತ್ರ ನಿಲ್ಲಲಿಲ್ಲ.

ಅದು ಹೇಗೆ ನಿಲ್ಲಲಿಲ್ಲ ಎಂಬುದನ್ನು ಹುಳುಮನೆಯೊಳಗೆ ನಿಂತೇ ನೋಡಬೇಕು. ಮೊಟ್ಟೆಯೊಡೆದು ಬಂದ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ರೈತರು ಅದಕ್ಕೆ ‘ಜ್ವರ’ ಎನ್ನುತ್ತಾರೆ: ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ನಾಲ್ಕನೇ ಜ್ವರ ಎದ್ದಮೇಲೆ ಹುಳುವಿನ ಹಸಿವಿಗೆ ಹಗಲು ರಾತ್ರಿಯಿಲ್ಲ. ತೋಟದಿಂದ ಸೊಪ್ಪು ಹೊರುವವರು ಹೊರುತ್ತಲೇ ಇರಬೇಕು. ಮನೆಯೊಳಗೆ ಮಳೆ ಸುರಿದಂತೆ ಮೇಯುವ ಸದ್ದು. ಹುಳು ‘ಹಣ್ಣಾದಾಗ’ ಒಂದೊಂದನ್ನೂ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸದಲ್ಲಿ ಹೆಂಗಸರ ಕೈಯೇ ಮುಂದು, ಲೈಸೆನ್ಸಿನಲ್ಲಿ, ರಸೀದಿಯಲ್ಲಿ ಹೆಸರು ಮಾತ್ರ ಸಾಮಾನ್ಯವಾಗಿ ಗಂಡಸರದು. ಕೊನೆಯ ವಾರ ರೋಗ ತಗುಲಿದರೆ ತಿಂಗಳ ದುಡಿಮೆ ತಿಪ್ಪೆಗೆ. ಮುಂದಿನ ತಿಂಗಳು ಮತ್ತೆ ಸಾಲ, ಮತ್ತೆ ಮೊಟ್ಟೆ.

ಕನಕಪುರ, ಚನ್ನಪಟ್ಟಣದ ಹಳ್ಳಿಗಳ ಗೂಡು ಬಂದು ಸೇರುವ ರಾಮನಗರದ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಗೂಡಿನ ವ್ಯಾಪಾರವನ್ನು ಕಟ್ಟಳೆಗೆ ತಂದದ್ದು 1959ರ ಕಾಯಿದೆ. ಇಲ್ಲಿ ಗೂಡು ಕೊಂಡು ನೂಲು ಬಿಚ್ಚುವ ರೀಲರ್‌ನ ಪಾಡೂ ರೈತನದಕ್ಕಿಂತ ಹಗುರವಲ್ಲ. ಅವನು ಗೂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾನೆ, ಬೆರಳಲ್ಲಿ ಅದುಮುತ್ತಾನೆ, ಮೊದಲು ರೇಟು ಕೂಗುತ್ತಿದ್ದ; ಈಗೀಗ ಮೊಬೈಲಿನಲ್ಲಿ ಒತ್ತುತ್ತಾನೆ. ಒಂದು ಕಿಲೋ ನೂಲಿಗೆ ಏಳೆಂಟು ಕಿಲೋ ಗೂಡು ಬೇಕು. ಅಂದಾಜು ಅರ್ಧ ಕಿಲೋ ತಪ್ಪಿದರೂ ಲಾಭ ಕರಗಿತು. ಗೂಡನ್ನು ತಡಮಾಡಿ ಇಡುವಂತೆಯೂ ಇಲ್ಲ, ಚಿಟ್ಟೆ ಸೀಳಿಕೊಂಡು ಹೊರಬಂದರೆ ಎಳೆ ಹರಿದು ಹೋಗುತ್ತದೆ. ರೀಲರ್‌ಗಳಲ್ಲಿ ಮುಸ್ಲಿಮರು ಹೆಚ್ಚು, ಬೆಳೆಯುವವರಲ್ಲಿ ಒಕ್ಕಲಿಗರು ಹೆಚ್ಚು. ಒಬ್ಬರ ಬೆಳೆ ಕೆಟ್ಟರೆ ಇನ್ನೊಬ್ಬರ ಒಲೆ ಹೊತ್ತುವುದಿಲ್ಲ.

ಮಾಗಡಿಯಲ್ಲಿ ಲೆಕ್ಕವೇ ತಿರುಗುಮುರುಗು. ಕುಣಿಗಲ್ಲಿನಂತೆ ಅದೂ ಮೊಟ್ಟೆಗಾಗಿ ಬೆಳೆಯುವ ಬಿತ್ತನೆ ಗೂಡಿನ ಸೀಮೆ. ಅಲ್ಲಿ ಚಿಟ್ಟೆ ಹೊರಬಂದರೇ ಬೆಲೆ. ನೂಲು ಕಡಿಮೆ ಕೊಟ್ಟರೂ ಗಟ್ಟಿಜೀವದ ಹಳೇ ‘ಮೈಸೂರು ತಳಿ’ಯನ್ನು ಅಲ್ಲಿನ ರೈತರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ರಾಮನಗರಕ್ಕೆ ಬರುವ ಮಿಶ್ರತಳಿ ಗೂಡಿಗೆ ಅದೇ ತಾಯಿ. ರೇಷ್ಮೆಯ ಇತಿಹಾಸದಲ್ಲಿ ಇವರ ಹೆಸರು ದೊಡ್ಡದಾಗಿ ಬರಬೇಕು.

ಚನ್ನಪಟ್ಟಣದ ಬೊಂಬೆಯವರ ದಾರಿ ಬೇರೆ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಜಪಾನಿನ ಮರಗೆಲಸದ ವಿಧಾನವನ್ನು ಊರಿಗೆ ತಂದವರೆಂದು ಬಾವಾಸ್ ಮಿಯಾನ್ ಅವರನ್ನು ಕುಶಲಕರ್ಮಿಗಳು ಇಂದಿಗೂ ನೆನೆಯುತ್ತಾರೆ. ಒಣಗಿಸಿದ ಹಾಲೆಮರದ ತುಂಡು ಲೇತಿನಲ್ಲಿ ಗಿರಗಿರ ತಿರುಗುತ್ತದೆ, ಉಳಿ ತಾಕಿ ಸಿಪ್ಪೆ ಸುರುಳಿ ಬೀಳುತ್ತದೆ. ಬಳಿಕ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ತಾಳೆಗರಿ ಹಿಡಿದರೆ ಸಾಕು, ಹೊಳಪು. ಪ್ಲಾಸ್ಟಿಕ್ ಆಟಿಕೆ ಬಂದಾಗ ಎಷ್ಟೋ ಲೇತ್‌ಗಳು ನಿಂತವು. ಭೌಗೋಳಿಕ ಸೂಚಕದ ಮನ್ನಣೆ ಬಂದದ್ದು ಆಮೇಲೆ. ಆ ಮುದ್ರೆ ಹೆಸರನ್ನು ಕಾಯಿತು. ಗಿರಾಕಿಯನ್ನು ಮಾತ್ರ ಅಂಗಡಿಯವರೇ ಹುಡುಕಬೇಕಾಯಿತು.

ಗಿರಾಕಿ ಸಿಗುತ್ತಿದ್ದದ್ದು ರಸ್ತೆಯಲ್ಲಿ. ಬೆಂಗಳೂರು–ಮೈಸೂರು ಹೆದ್ದಾರಿಯ ಅಂಚಿನಲ್ಲಿ ಕಾರು ನಿಲ್ಲಿಸಿ ಮಗುವಿಗೊಂದು ಕುದುರೆ ಕೊಳ್ಳುವವರ ಮೇಲೆ ಸಾಲು ಸಾಲು ಅಂಗಡಿಗಳು ನಡೆಯುತ್ತಿದ್ದವು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು, ಕಾರುಗಳು ಊರಿನ ಹೊರಗೇ ಹಾರಿಹೋದವು. ಹಳೇ ರಸ್ತೆಯ ಅಂಗಡಿಯವರು ಬೆಳಗ್ಗೆ ಬಾಗಿಲು ತೆಗೆದು, ಧೂಳು ಒರೆಸಿ, ಕೆಂಪು ಹಳದಿ ಕುದುರೆಗಳನ್ನು ರಸ್ತೆಗೆ ಮುಖಮಾಡಿ ಇಡುತ್ತಾರೆ.