ಗಿರಣಗಾಂವ್: ಚಿತ್ರದಲ್ಲಿ ಉಳಿದದ್ದು, ಉಳಿಯದ್ದು

ಮುಂಬಯಿಯಲ್ಲಿ ಗಿರಣಗಾಂವ್ ಎಂಬ ಹೆಸರಿನ ರೈಲು ನಿಲ್ದಾಣವಿಲ್ಲ. ಪರೇಲ್, ಲಾಲ್‌ಬಾಗ್, ಚಿಂಚಪೋಕಳಿ, ಶಿವಡಿ, ನಾಯಗಾಂವ್, ವರ್ಲಿ ಮುಂತಾದ ಬಡಾವಣೆಗಳನ್ನು ಒಟ್ಟುಗೂಡಿಸಿ ಅಲ್ಲಿ ದುಡಿದವರೇ ಇಟ್ಟುಕೊಂಡ ಹೆಸರು ಅದು. ಗಿರಣಿ ಎಂದೊಡನೆ ಕನ್ನಡದ ಕಿವಿಗೆ ಮೊದಲು ಕೇಳಿಸುವುದು ಹಿಟ್ಟಿನ ಗಿರಣಿಯ ಸದ್ದು. ಇಲ್ಲಿ ಅದು ಬಟ್ಟೆಯ ಗಿರಣಿ. ಕಾವಸಜೀ ನಾನಾಭಾಯ್ ದಾವರ್ ಎಂಬ ಪಾರಸೀ ವರ್ತಕ 1854ರಲ್ಲಿ ತಾಡದೇವದಲ್ಲಿ ಸ್ಥಾಪಿಸಿದ ನೂಲಿನ ಗಿರಣಿ 1856ರಲ್ಲಿ ಕೆಲಸ ಆರಂಭಿಸಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861–65) ಲಂಕಾಶೈರಿಗೆ ಅಲ್ಲಿಯ ಹತ್ತಿ ಸಿಗದೆ, ಮುಂಬಯಿಯ ಹತ್ತಿ ವ್ಯಾಪಾರಿಗಳ ಕೈಗೆ ಹಣ ಹರಿದುಬಂತು. ಮುಂದಿನ ದಶಕಗಳಲ್ಲಿ ಎದ್ದ ಗಿರಣಿಗಳ ಸಾಲಿಗೆ ಆ ಹಣವೂ ಒಂದು ಅಡಿಪಾಯ. 1982ರ ಮುಷ್ಕರದ ಹೊತ್ತಿಗೆ ಈ ಗಿರಣಿಗಳಲ್ಲಿ ಸುಮಾರು ಎರಡೂವರೆ ಲಕ್ಷ ಮಂದಿ ದುಡಿಯುತ್ತಿದ್ದರು.

ಈ ಪ್ರದೇಶದಲ್ಲಿ ಅಳಿದುಳಿದಿರುವುದನ್ನು ಛಾಯಾಚಿತ್ರಗಳಲ್ಲಿ ದಾಖಲಿಸಬೇಕೆಂದು ನಮ್ಮ ಬಳಗದ ನಾಲ್ಕೈದು ಮಂದಿ ಕೆಲವು ವರ್ಷಗಳಿಂದ ಭಾನುವಾರಗಳಲ್ಲಿ ಅಲ್ಲಿ ನಡೆದಾಡುತ್ತಿದ್ದೇವೆ. ಕಚೇರಿಗೆ ಭಾನುವಾರ ರಜೆಯಿರುವುದರಿಂದ ಈ ನಡಿಗೆ ಸಾಧ್ಯವಾಯಿತು. ಆ ರಜೆಗೂ ಈ ನೆಲಕ್ಕೂ ಸಂಬಂಧವಿದೆ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ವಾರಕ್ಕೊಂದು ದಿನದ ರಜೆ ದೊರೆತದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದ ಫಲವಾಗಿ. ಅದಕ್ಕೂ ಮೊದಲು, ಯಂತ್ರ ಕೆಟ್ಟ ದಿನವೇ ಹಲವರಿಗೆ ವಿಶ್ರಾಂತಿಯ ದಿನವಾಗಿತ್ತು.

ಗಿರಣಿಯ ಕಟ್ಟಡವನ್ನು ಕ್ಯಾಮೆರಾ ಹಿಡಿದವರು ಬೇಗ ಪ್ರೀತಿಸತೊಡಗುತ್ತಾರೆ. ಇದಕ್ಕೆ ಕಾರಣ ಕಟ್ಟಡದ ರಚನೆಯಲ್ಲಿಯೇ ಇದೆ. ನೂಲುವ ವಿಭಾಗಗಳು ಮಹಡಿಯ ಮೇಲೆ ಮಹಡಿಯಾಗಿ ನಿಂತರೆ, ನೇಯುವ ವಿಭಾಗ ಹೆಚ್ಚಾಗಿ ನೆಲದ ಮೇಲೆಯೇ ಹರಡಿಕೊಂಡಿರುತ್ತದೆ. ನೂರಾರು ಮಗ್ಗಗಳು ಏಕಕಾಲಕ್ಕೆ ಬಡಿಯುವ ಅದುರುವಿಕೆಯನ್ನು ಮಹಡಿಗಳು ತಾಳುವುದು ಕಷ್ಟ. ಆ ವಿಸ್ತಾರವಾದ ಶೆಡ್ಡಿನ ಮೇಲೆ ಗರಗಸದ ಹಲ್ಲಿನಂತಹ ಛಾವಣಿ. ಪ್ರತಿ ಹಲ್ಲಿನ ಕಡಿದಾದ ಬದಿಗೆ ಗಾಜು, ಆ ಗಾಜು ಉತ್ತರಕ್ಕೆ ಮುಖ. ನೇರ ಬಿಸಿಲು ಒಳಗೆ ಬೀಳದೆ ನೆರಳಿಲ್ಲದ ತಣ್ಣನೆಯ ಬೆಳಕು ದಿನವಿಡೀ ಒಂದೇ ಸಮನೆ ಇರಬೇಕು, ತುಂಡಾದ ಎಳೆ ಕಣ್ಣಿಗೆ ಬೀಳಬೇಕು. ಹಳೆಯ ಕಾಲದ ಛಾಯಾಚಿತ್ರಗಾರರು ತಮ್ಮ ಸ್ಟುಡಿಯೋಗಳಿಗೆ ಬಯಸುತ್ತಿದ್ದುದೂ ಇದೇ ಉತ್ತರದ ಬೆಳಕನ್ನು. ಪಾಳುಬಿದ್ದ ಶೆಡ್ಡಿನಲ್ಲಿ ತೆಗೆದ ಚಿತ್ರ ಅಷ್ಟು ಚೆಲುವಾಗಿ ಮೂಡುವುದರಲ್ಲಿ ನಮ್ಮ ಕೌಶಲವೇನೂ ಇಲ್ಲ. ಬಟ್ಟೆಯ ದೋಷ ಹುಡುಕಲೆಂದು ಯಾರೋ ಎಂದೋ ಲೆಕ್ಕ ಹಾಕಿ ಕೆಳಗಿಳಿಸಿದ ಬೆಳಕು ಅದು. ಆದರೆ ಎಳೆ ತುಂಡಾಗದಿರಲೆಂದು ಅದೇ ಶೆಡ್ಡಿನಲ್ಲಿ ಗಾಳಿಯನ್ನು ತೇವವಾಗಿಯೂ ಇಡುತ್ತಿದ್ದರು. ಮುಂಬಯಿಯ ಮೇ ತಿಂಗಳಿನಲ್ಲಿ ಆ ತೇವ, ಯಂತ್ರಗಳ ಕಾವು, ಎದೆಗೆ ಇಳಿಯುವ ಹತ್ತಿಯ ಧೂಳು. ಇವು ಯಾವುವೂ ಚಿತ್ರದಲ್ಲಿ ಬರುವುದಿಲ್ಲ.

ಚಿಮಣಿಯ ಮಾತು ಬೇರೆ. ಅದು ಎಲ್ಲಿಂದ ತೆಗೆದರೂ ಚಿತ್ರದೊಳಗೆ ಬಂದು ನಿಲ್ಲುತ್ತದೆ. ಉಗಿಯಂತ್ರದ ಬಾಯ್ಲರಿಗೆ ಅದು ಬೇಕಾಗಿತ್ತು. 1915ರಲ್ಲಿ ಖೋಪೋಲಿಯಿಂದ ಟಾಟಾ ಜಲವಿದ್ಯುತ್ತು ಬಂದ ಮೇಲೆ ಯಂತ್ರಗಳು ಕ್ರಮೇಣ ವಿದ್ಯುತ್ತಿಗೆ ಹೊರಳಿದರೂ ಬಣ್ಣ ಹಾಕುವ, ಬಿಳುಪು ಮಾಡುವ ಕೆಲಸಗಳಿಗೆ ಉಗಿ ಬೇಕೇ ಬೇಕಾಯಿತು. ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ಜಾಗದಲ್ಲಿ ಇಂದು ಮಾಲ್ ಇದೆ, ಚಿಮಣಿಯನ್ನು ಉಳಿಸಿಕೊಂಡಿದ್ದಾರೆ. ಅದರ ಬುಡದಲ್ಲಿ ಯುವಜನರು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅವರನ್ನು ಆಡಿಕೊಳ್ಳುವ ಹಕ್ಕು ನಮಗಿಲ್ಲ; ನಾವೂ ಅಲ್ಲಿಯೇ ನಿಂತು ಚಿತ್ರ ತೆಗೆದವರು. ಆದರೆ ಒಂದು ಗಿರಣಿಯಲ್ಲಿ ಉಳಿಸಲು ಅತ್ಯಂತ ಸುಲಭವಾದದ್ದು ಚಿಮಣಿ ಎಂಬುದನ್ನು ಮರೆಯಬಾರದು. ಅದು ಕಡಿಮೆ ನೆಲವನ್ನು ಹಿಡಿಯುತ್ತದೆ.

ನೆಲವೇ ಇಲ್ಲಿಯ ಕಥೆಯ ತಿರುಳು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಷ್ಕರ ಅಧಿಕೃತವಾಗಿ ಎಂದೂ ಮುಗಿಯಲಿಲ್ಲ. ಮುಷ್ಕರವೇ ಗಿರಣಿಗಳನ್ನು ಕೊಂದಿತು ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದು ಅರ್ಧ ಸತ್ಯ. ಹಳೆಯ ಯಂತ್ರಗಳಿಗೆ ಬಂಡವಾಳ ಹಾಕದೆ, ವಿದ್ಯುತ್ ಮಗ್ಗಗಳ ಭಿವಂಡಿಯ ಅಗ್ಗದ ಬಟ್ಟೆಯ ಎದುರು ಸೋಲುತ್ತಿದ್ದ ಗಿರಣಿಗಳಿಗೆ, ನಗರದ ನಡುವಿನ ಜಾಗದ ಬೆಲೆ ಬಟ್ಟೆಯ ಲಾಭಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ ಕಾಣತೊಡಗಿತ್ತು. ಸುಮಾರು 600 ಎಕರೆ ನೆಲ; ಸಮುದ್ರ ಸುತ್ತುವರಿದ ನಗರದಲ್ಲಿ ಅಷ್ಟು ನೆಲ ಇನ್ನೊಮ್ಮೆ ಸಿಗುವಂತಹದಲ್ಲ.

1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳ 58ನೆಯ ನಿಯಮ ಆ ನೆಲವನ್ನು ಮೂರು ಪಾಲು ಮಾಡುವ ದಾರಿ ಹೇಳಿತು: ಒಂದು ಪಾಲು ಉದ್ಯಾನ, ಮೈದಾನಗಳಿಗಾಗಿ ನಗರಪಾಲಿಕೆಗೆ, ಒಂದು ಪಾಲು ಸಾರ್ವಜನಿಕ ವಸತಿಗಾಗಿ ಮ್ಹಾಡಾ ಸಂಸ್ಥೆಗೆ, ಉಳಿದದ್ದು ಒಡೆಯರಿಗೆ. ಚಾರ್ಲ್ಸ್ ಕೊರಿಯಾ ಅವರ ಅಧ್ಯಕ್ಷತೆಯಲ್ಲಿ 1996ರಲ್ಲಿ ನೇಮಕವಾದ ಸಮಿತಿಯೊಂದು ಈ ಪಾಲುಗಳನ್ನು ಚದುರಿಸದೆ ಇಡೀ ಪ್ರದೇಶಕ್ಕೆ ಒಂದು ಯೋಜನೆ ಬೇಕೆಂದಿತು. ಅದು ಕಡತದಲ್ಲಿ ಉಳಿಯಿತು. 2001ರಲ್ಲಿ ನಿಯಮಕ್ಕೆ ತಿದ್ದುಪಡಿ ಬಂತು. ಮೂರು ಪಾಲು ಮಾಡಬೇಕಾದದ್ದು ಗಿರಣಿಯ ಇಡೀ ಜಾಗವನ್ನಲ್ಲ, ಅದರಲ್ಲಿರುವ ‘ಖಾಲಿ ಜಾಗ’ವನ್ನು ಮಾತ್ರ, ಕಟ್ಟಡ ಕೆಡವಿದ್ದರಿಂದ ತೆರವಾದ ನೆಲ ಖಾಲಿ ಜಾಗದ ಲೆಕ್ಕಕ್ಕೆ ಬರುವುದಿಲ್ಲ ಎಂದಾಯಿತು. ಗಿರಣಿಯ ಆವರಣಗಳ ಬಹುಪಾಲು ಕಟ್ಟಡಗಳಿಂದಲೇ ತುಂಬಿದ್ದುದರಿಂದ ನಗರಕ್ಕೂ ವಸತಿಗೂ ಸಿಗಬೇಕಾದ ಪಾಲು ಕುಗ್ಗಿಹೋಯಿತು. ಪರಿಸರ ಸಂಘಟನೆಯೊಂದರ ಅರ್ಜಿಯ ಮೇಲೆ 2005ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಅರ್ಜಿದಾರರ ಪರವಾಗಿ ತೀರ್ಪಿತ್ತಿತು. 2006ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ತಿದ್ದುಪಡಿಯನ್ನೇ ಎತ್ತಿಹಿಡಿಯಿತು.

ಕಡತಗಳ ನಡುವೆ ಹಗಲು ಕಳೆಯುವ ನಮ್ಮಂತಹವರಿಗೆ ಒಂದು ಪದದ ಅರ್ಥ ಎಷ್ಟು ತೂಗಬಲ್ಲುದೆಂಬುದು ಹೊಸತಲ್ಲ. ಹಾಗಿದ್ದರೂ ಇದನ್ನು ನೆಲದ ಮೇಲೆ ನಿಂತು ಕಂಡಾಗ ದಿಗಿಲಾಗುತ್ತದೆ. ತಗಡಿನ ಬೇಲಿಯ ಸಂದಿನಿಂದ ನಾವು ತೆಗೆದ ಒಂದು ಚಿತ್ರದಲ್ಲಿ ಬರೀ ಬಯಲು, ಇಟ್ಟಿಗೆಯ ಚೂರು, ಮಳೆನೀರು ನಿಂತ ಗುಂಡಿ. ನೋಡಿದವರೆಲ್ಲ ಅದನ್ನು ಖಾಲಿ ಜಾಗ ಎನ್ನುತ್ತಾರೆ. ನಿಯಮದ ಕಣ್ಣಿಗೆ ಅಲ್ಲಿ ಇನ್ನೂ ಗಿರಣಿ ನಿಂತಿದೆ. ಒಡೆಯರ ಪಾಲು ಲೆಕ್ಕ ಹಾಕುವಾಗ ಇರುವ ಕಟ್ಟಡ, ಮಕ್ಕಳು ಆಡಲು ಹೋದರೆ ಇಲ್ಲದ ಕಟ್ಟಡ.

ರಾಷ್ಟ್ರೀಯ ಜವಳಿ ನಿಗಮದ ಕೈಯಲ್ಲಿದ್ದ ಗಿರಣಿಗಳ ಹರಾಜು 2005ರಲ್ಲಿ ನಡೆಯಿತು. ದಾದರಿನ ಕೊಹಿನೂರ್ ಗಿರಣಿಯ ಜಾಗ 421 ಕೋಟಿ ರೂಪಾಯಿಗೂ, ಲೋವರ್ ಪರೇಲಿನ ಮುಂಬಯಿ ಟೆಕ್ಸ್‌ಟೈಲ್ ಗಿರಣಿಯದು 702 ಕೋಟಿ ರೂಪಾಯಿಗೂ ಮಾರಾಟವಾದವು. ಗೋಪುರಗಳು ಎದ್ದವು, ಕಚೇರಿಗಳು ಬಂದವು, ರಸ್ತೆಗಳೂ ಸೇತುವೆಗಳೂ ಹಾಗೆಯೇ ಉಳಿದವು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಪಾದಚಾರಿ ಸೇತುವೆಯ ಮೇಲೆ ಕಾಲ್ತುಳಿತಕ್ಕೆ 23 ಮಂದಿ ಸತ್ತರು. ಅದೇ ವರ್ಷ ಡಿಸೆಂಬರ್ 29ರಂದು ಕಮಲಾ ಮಿಲ್ಸ್ ಆವರಣದ ಮಾಳಿಗೆಯ ಮೇಲಿನ ಹೋಟೆಲುಗಳಲ್ಲಿ ಹೊತ್ತಿದ ಬೆಂಕಿಗೆ 14 ಮಂದಿ.

ಅಳಿಯುವ ಬಡಾವಣೆಯನ್ನು ಚಿತ್ರದಲ್ಲಿ ಹಿಡಿಯುವುದು ಹೊಸ ಹವ್ಯಾಸವಲ್ಲ. ಗ್ಲಾಸ್ಗೊ ನಗರದ ಇಕ್ಕಟ್ಟಿನ ಓಣಿಗಳನ್ನು ಕೆಡವುವ ಮುನ್ನ ಅವುಗಳ ಚಿತ್ರ ತೆಗೆಯಲು ಅಲ್ಲಿಯ ನಗರ ಸುಧಾರಣಾ ಮಂಡಳಿ ಥಾಮಸ್ ಅನನ್ ಎಂಬವರಿಗೆ ವಹಿಸಿತ್ತು. 1868ರಿಂದ 1871ರ ನಡುವೆ ಅವರು ತೆಗೆದ ಆ ಚಿತ್ರಗಳಲ್ಲಿ ಗೋಡೆಗಳೆಲ್ಲ ಸ್ಪಷ್ಟ, ನಿಲ್ಲಲಾರದೆ ಅಲುಗಿದ ಮನುಷ್ಯರು ಮಾತ್ರ ಮಸುಕು. ಜರ್ಮನಿಯ ಬೆರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿಗಳು 1959ರಿಂದ ದಶಕಗಳ ಕಾಲ ಕುಲುಮೆ, ನೀರಿನ ಗೋಪುರ, ಗಣಿಯ ಚೌಕಟ್ಟುಗಳನ್ನು ಮೋಡ ಕವಿದ ಬೆಳಕಿನಲ್ಲಿ, ನೆಟ್ಟನೆ, ಜನರಿಲ್ಲದಂತೆ ತೆಗೆದು ಸಾಲಾಗಿ ಜೋಡಿಸಿದರು. ಅವರ ಶಿಸ್ತನ್ನು ನಾವು ಗೌರವಿಸುತ್ತೇವೆ. ಹೋಲಿಸಿ ನೋಡಲು ಅದಕ್ಕಿಂತ ಉತ್ತಮವಾದ ವಿಧಾನವಿಲ್ಲ. ಗಿರಣಗಾಂವಕ್ಕೆ ಅದು ಸಾಲದು ಎಂಬುದು ಮಾತ್ರ ನಮ್ಮ ಅನಿಸಿಕೆ.

ಇಂಗ್ಲಿಷ್ ಸಾಹಿತ್ಯ ಓದುವಾಗ ತರಗತಿಯಲ್ಲಿ ವರ್ಡ್ಸ್‌ವರ್ತನ ಟಿಂಟರ್ನ್ ಅಬ್ಬಿಯ ಕವಿತೆ ಪಾಠವಾಗಿತ್ತು. 1798ರ ಆ ಕವಿತೆಗೆ ಕೆಲವು ವರ್ಷ ಮೊದಲು ಅದೇ ಕಣಿವೆಯ ಪ್ರವಾಸ ಕಥನ ಬರೆದ ವಿಲಿಯಂ ಗಿಲ್ಪಿನ್, ಪಾಳುಬಿದ್ದ ಮಠದಲ್ಲಿ ವಾಸಿಸುತ್ತಿದ್ದ ಭಿಕ್ಷುಕರನ್ನೂ ಸಮೀಪದಲ್ಲಿದ್ದ ಕಬ್ಬಿಣದ ಕಾರ್ಖಾನೆಯನ್ನೂ ಉಲ್ಲೇಖಿಸುತ್ತಾನೆ. ಕವಿತೆಯಲ್ಲಿ ಅವರಿಲ್ಲ. ಕವಿಗೆ ಆ ಸ್ವಾತಂತ್ರ್ಯವಿರಬಹುದು. ದಾಖಲೆ ಮಾಡುತ್ತೇವೆಂದು ಹೊರಟವರಿಗೆ ಇಲ್ಲ. ಬಳ್ಳಿ ಹಬ್ಬಿದ ಗೋಡೆ, ತುಕ್ಕು ಹಿಡಿದ ಚಕ್ರ, ಒಡೆದ ಗಾಜಿನಿಂದ ಇಳಿಯುವ ಬೆಳಕು: ಇಂತಹ ಚಿತ್ರಗಳನ್ನು ಹತ್ತು ಪ್ರದರ್ಶನಗಳಿಗೆ ಸಾಲುವಷ್ಟು ತೆಗೆಯಬಹುದು. ಅವುಗಳಲ್ಲಿ ಗಿರಣಿ ತಾನಾಗಿಯೇ ಮುಪ್ಪಿನಿಂದ ಸತ್ತಂತೆ ತೋರುತ್ತದೆ.

ನಿವೃತ್ತ ನೇಕಾರರೊಬ್ಬರಿಗೆ ನಮ್ಮ ಚಿತ್ರಗಳನ್ನು ತೋರಿಸಿದೆವು. ಶೆಡ್ಡಿನ ಬೆಳಕನ್ನು ಅವರು ಗಮನಿಸಲೇ ಇಲ್ಲ. ಹಳೆಯ ಗೇಟಿನ ಚಿತ್ರವೊಂದರ ಬಳಿ ನಿಂತು, “ಇಲ್ಲಿಯೇ ನಿಲ್ಲುತ್ತಿದ್ದೆವು” ಎಂದರು. ಬದಲಿ ಕೆಲಸಗಾರರಾಗಿದ್ದ ಅವರ ಮೊದಲ ವರ್ಷಗಳೆಲ್ಲ ಆ ಗೇಟಿನ ಹೊರಗೆ ಕಳೆದವು. ಖಾಯಂ ಕೆಲಸಗಾರ ಬಾರದಿದ್ದ ದಿನ ಅವನ ಬದಲು ಒಳಗೆ ಹೋಗುವವನು ಬದಲಿ. ಎಲ್ಲರೂ ಬಂದ ದಿನ ಬದಲಿಗೆ ಕೂಲಿಯಿಲ್ಲ. ಪಾಳಿ ಆರಂಭವಾಗುವ ಮುನ್ನ ಬಂದು ನಿಂತು, ಭೋಂಗಾ ಕೂಗಿದ ಮೇಲೂ ಹೆಸರು ಕರೆಯದಿದ್ದರೆ ಮರಳಿ ಚಾಳಿಗೆ. ಆ ಚಿತ್ರವನ್ನು ನಾವು ತೆಗೆದದ್ದು ಕಬ್ಬಿಣದ ಕುಸುರಿಯ ಸಲುವಾಗಿ. ಈಗ ಆ ಗೇಟು ಇಲ್ಲ. ಚಿತ್ರದ ಕೆಳಗೆ ಅವರು ಹೇಳಿದ್ದನ್ನು ಬರೆದಿಟ್ಟಿದ್ದೇವೆ.

ಮನೆಗಾಗಿ ಕಾರ್ಮಿಕರು ನಡೆಸಿದ ಹೋರಾಟವೂ ಒಂದು ಬಗೆಯಲ್ಲಿ ದಾಖಲೆಗಳ ಹೋರಾಟವೇ. 1982ರ ಜನವರಿ 1ರಂದು ಅಥವಾ ಅನಂತರ ಕೆಲಸದಲ್ಲಿದ್ದುದಕ್ಕೆ ಪುರಾವೆ ಬೇಕು: ಟಿಕೆಟ್ ಸಂಖ್ಯೆ, ಗುರುತಿನ ಚೀಟಿ, ರಜೆಯ ಕಾರ್ಡು, ಭವಿಷ್ಯ ನಿಧಿಯ ಕಾಗದ. 2012ರಲ್ಲಿ ಮ್ಹಾಡಾ ಮೊದಲ ಬಾರಿಗೆ ಗಿರಣಿ ಕಾರ್ಮಿಕರಿಗಾಗಿ ಚೀಟಿ ಎತ್ತಿದಾಗ ಇದ್ದ ಮನೆಗಳು 6,925. ಅರ್ಜಿದಾರರು ಲಕ್ಷಕ್ಕೂ ಹೆಚ್ಚು. ಅನೇಕರ ಬಳಿ ಉಳಿದಿರುವ ಏಕೈಕ ಗಿರಣಿ ಕಾಲದ ಛಾಯಾಚಿತ್ರವೆಂದರೆ ಗುರುತಿನ ಚೀಟಿಗೆ ಅಂಟಿಸಿದ ಅಂಗುಲದಷ್ಟರ ಮುಖ. ಅದನ್ನು ತೆಗೆದವನ ಹೆಸರು ಯಾರಿಗೂ ತಿಳಿಯದು. ನಮ್ಮ ಎಲ್ಲ ಚಿತ್ರಗಳಿಗಿಂತ ಅದು ಹೆಚ್ಚು ಬೆಲೆಬಾಳುತ್ತದೆ.

ಆದ್ದರಿಂದ ಈಚೆಗೆ ನಾವು ಗೇಟುಗಳಿಂದ ದೂರ ಸರಿದು ಚಾಳುಗಳತ್ತ ಹೋಗುತ್ತಿದ್ದೇವೆ. 1920ರ ದಶಕದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಟ್ಟಿಸಿದ ಬಿಡಿಡಿ ಚಾಳುಗಳು ವರ್ಲಿ, ನಾಯಗಾಂವ್, ಶಿವಡಿ, ನಾ. ಮ. ಜೋಶಿ ಮಾರ್ಗಗಳಲ್ಲಿ ಒಟ್ಟು 207. ಒಂದು ಕೋಣೆ 160 ಚದರಡಿ, ಸಾಲಿಗೆ ಹಂಚಿಕೊಂಡ ಶೌಚಾಲಯ. ಪುನರ್ನಿರ್ಮಾಣದಲ್ಲಿ ಪ್ರತಿ ಕುಟುಂಬಕ್ಕೆ 500 ಚದರಡಿಯ ಮನೆ. ಅಲ್ಲಿಯ ಪಡಸಾಲೆಯ ಸಾಮೂಹಿಕ ಬದುಕಿಗಾಗಿ ಹೊರಗಿನವರಾದ ನಾವು ಹಲುಬುವುದು ಅಸಹ್ಯ. ಒಳಗೇ ನೀರು, ಒಳಗೇ ಶೌಚಾಲಯ ಸಿಕ್ಕಿದ ಗೃಹಿಣಿಯ ಸಂತೋಷವೂ ಚರಿತ್ರೆಯೇ. ಕೊಂಕಣದಿಂದ ಒಂಟಿಯಾಗಿ ಬಂದ ಗಂಡಸರಿಗೆ ಹೊತ್ತುಹೊತ್ತಿಗೆ ಅನ್ನ ಹಾಕುತ್ತಿದ್ದ ಖಾನಾವಳಿಗಳು ನಡೆದದ್ದು ಇಂತಹ ಕೋಣೆಗಳಲ್ಲಿಯೇ, ಹೆಂಗಸರ ಕೈಯಲ್ಲಿ. ಹುಬ್ಬಳ್ಳಿ, ಧಾರವಾಡದ ಕಡೆಯ ನಮ್ಮ ಗೆಳೆಯರಿಗೆ ಖಾನಾವಳಿ ಎಂಬ ಮಾತನ್ನು ವಿವರಿಸಬೇಕಾಗಲಿಲ್ಲ. ಹೊರಗೆ, ನಿಲ್ದಾಣಗಳ ಬಳಿ, ಕರಾವಳಿಯಿಂದ ಬಂದ ಹುಡುಗರು ಹಗಲಿನಲ್ಲಿ ಹೋಟೆಲುಗಳಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಆ ಹೋಟೆಲುಗಳ ಒಳಗಿನ ಚಿತ್ರ ಯಾರ ಮನೆಯ ಪೆಟ್ಟಿಗೆಯಲ್ಲಿಯಾದರೂ ಇರಲೇಬೇಕು.

ಊರಿನಲ್ಲಿಯೂ ಸ್ಥಿತಿ ಭಿನ್ನವಲ್ಲ. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಮಾಲ್ ನಿಂತಿದೆ. ಬೆಂಗಳೂರಿನ ಮಿನರ್ವ ಮಿಲ್ಲಿನ ಹೆಸರು 1980ರ ತೀರ್ಪಿನಿಂದಾಗಿ ಕಾನೂನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಗೊತ್ತು. ಅಲ್ಲಿ ನೂಲು ತೆಗೆದವರ ಹೆಸರುಗಳು ಗೊತ್ತಿರುವವರು ಕಡಿಮೆ. ದಾವಣಗೆರೆಯಲ್ಲಿ ಗಿರಣಿಯ ಪಾಳಿಗೆ ಹೋಗಿಬಂದ ಹಿರಿಯರು ಇನ್ನೂ ಇದ್ದಾರೆ.

ಈಗ ನಮ್ಮ ಪ್ರತಿ ಚಿತ್ರದ ಜೊತೆಗೆ ದಿನಾಂಕ, ಗಂಟೆ, ನಿಂತ ಜಾಗ, ಕ್ಯಾಮೆರಾ ಮುಖ ಮಾಡಿದ ದಿಕ್ಕು, ಆ ಕಟ್ಟಡದಲ್ಲಿ ನಡೆಯುತ್ತಿದ್ದ ಕೆಲಸ, ಅದನ್ನು ಹೇಳಿದವರು ಯಾರು ಎಂಬುದನ್ನು ಬರೆಯುತ್ತೇವೆ. ಹೆಸರು ಬೇಡವೆಂದವರ ಹೆಸರು ಬರೆಯುವುದಿಲ್ಲ, ಅವರ ಖಾತೆಯನ್ನು ಬರೆಯುತ್ತೇವೆ: ಸಾಂಚಾ, ಬಣ್ಣ, ಬಾಯ್ಲರು, ಬದಲಿ. ಕರೀ ರೋಡಿನ ಸೇತುವೆಯ ಮೇಲಿನ ಒಂದೇ ಜಾಗದಿಂದ ವರ್ಷಕ್ಕೆರಡು ಬಾರಿ ತೆಗೆಯುವ ಚಿತ್ರದಲ್ಲಿ ಕಾಣುವ ಚಿಮಣಿಗಳನ್ನು ಎಣಿಸಿಡುತ್ತೇವೆ. ಮುಂದಿನ ಎಣಿಕೆ ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ.