ಜ್ಞಾಪಕವೂ ಚರಿತ್ರೆಯೂ

ನಾನು ಕನ್ನಡ ಎಂ.ಎ. ಓದುತ್ತಿದ್ದ ಕಾಲದಲ್ಲಿ ಚರಿತ್ರೆಯೆಂದರೆ ಶಾಸನ, ಕಾಗದಪತ್ರ, ಇಸವಿಗಳೆಂದೇ ತಿಳಿದಿದ್ದೆ. ಡಿ.ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ಯನ್ನು ಹಿರಿಯರೊಬ್ಬರ ಸೊಗಸಾದ ಜಗುಲಿಯ ಮಾತೆಂದು ಮೆಚ್ಚಿ ಬದಿಗಿಟ್ಟೆ. ಅದು ನನ್ನ ಅಲ್ಪತೆ.

ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಗುಂಡಪ್ಪನವರದು ಮೆಟ್ರಿಕ್ಯುಲೇಷನ್ ದಾಟದ ಶಾಲಾ ವಿದ್ಯೆ. ಪತ್ರಿಕಾವೃತ್ತಿಗೆ ಬಂದು, 1913ರಲ್ಲಿ ‘ಕರ್ಣಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನು ತಾವೇ ಆರಂಭಿಸಿದರು. ಪತ್ರಿಕಾಕರ್ತನಾದವನು ದಿವಾನರ ಕಚೇರಿಗೂ ಹೋಗಬೇಕು, ಬಡ ವಿದ್ವಾಂಸನ ಮನೆಗೂ ಹೋಗಬೇಕು. ಚಿತ್ರಶಾಲೆಯ ಎಂಟು ಸಂಪುಟಗಳಲ್ಲಿ ಈ ಎರಡು ದಾರಿಗಳೂ ಕೂಡಿವೆ. ದಿವಾನರಿಗೊಂದು ಸಂಪುಟ, ಕಲೋಪಾಸಕರಿಗೊಂದು, ವೈದಿಕ ಸಂಪ್ರದಾಯಸ್ಥರಿಗೊಂದು; ಪದವಿಯನ್ನು ನೋಡದೆ ಹೃದಯವನ್ನು ನೋಡಿ ಆರಿಸಿದವರಿಗೆ ‘ಹೃದಯಸಂಪನ್ನರು’ ಎಂಬ ಇನ್ನೊಂದು.

ಬೆಂಗಳೂರು ನಾಗರತ್ನಮ್ಮನವರನ್ನೇ ನೆನೆಯೋಣ. ದೇವದಾಸಿ ಮನೆತನದ ಈ ವಿದುಷಿ 1910ರಲ್ಲಿ ಮುದ್ದುಪಳನಿಯ ತೆಲುಗು ಕಾವ್ಯವನ್ನು ಅಚ್ಚುಹಾಕಿಸಿದಾಗ ಸರ್ಕಾರ ಅದನ್ನು ಅಶ್ಲೀಲವೆಂದು ನಿಷೇಧಿಸಿತು. ಅದೇ ನಾಗರತ್ನಮ್ಮನವರು ಹಾಡಿ ಗಳಿಸಿದ ಹಣವನ್ನು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಮಂದಿರಕ್ಕೆ ಸುರಿದರು. ಸಮಾಜ ಆಕೆಯ ಕುಲವನ್ನು ವಿಚಾರಿಸುತ್ತಿದ್ದ ಕಾಲದಲ್ಲಿ ಗುಂಡಪ್ಪನವರ ಗೌರವ ಸಂದದ್ದು ಆಕೆಯ ವಿದ್ವತ್ತಿಗೆ, ರಸಿಕತೆಗೆ. ಸರ್ಕಾರದ ಕಡತದಲ್ಲಿ ಉಳಿಯುವುದು ನಿಷೇಧದ ಆಜ್ಞೆ. ಆ ವ್ಯಕ್ತಿತ್ವ ಉಳಿಯುವುದು ಇಂಥ ಬರೆಹದಲ್ಲಿ.

ಜ್ಞಾಪಕವನ್ನು ಪೂರ್ತಿ ನಂಬಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ದಿವಾನ್ ರಂಗಾಚಾರ್ಲು ತೀರಿಕೊಂಡದ್ದು 1883ರಲ್ಲಿ, ಲೇಖಕರು ಹುಟ್ಟುವುದಕ್ಕೆ ನಾಲ್ಕು ವರ್ಷ ಮುಂಚೆ. ಆ ಚಿತ್ರಕ್ಕೆ ಆಧಾರ ಓದು ಮತ್ತು ಹಿರಿಯರ ಮಾತು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರದಾದರೋ ಕಣ್ಣಾರೆ ಕಂಡ ಚಿತ್ರ. ಓದುಗನು ಈ ಭೇದವನ್ನು ಮರೆಯಬಾರದು. ಗುಂಡಪ್ಪನವರೂ ತಮ್ಮ ಕೃತಿಯನ್ನು ಚರಿತ್ರೆಯೆಂದು ಕರೆಯಲಿಲ್ಲ, ಚಿತ್ರಶಾಲೆಯೆಂದರು. ಆದರೆ ಆ ಜನ ಹೇಗೆ ನಕ್ಕರು, ಯಾವುದಕ್ಕೆ ನಾಚಿದರು, ಯಾವುದನ್ನು ಬಿಟ್ಟುಕೊಡಲಿಲ್ಲ ಎಂಬುದನ್ನು ತಿಳಿಯದೆ ಅವರ ಕಾಲವನ್ನು ತಿಳಿದೆವೆನ್ನಲಾದೀತೆ?

ಇದು ನನಗೆ ಮನವರಿಕೆಯಾದದ್ದು ನಿವೃತ್ತನಾದ ಮೇಲೆ. ನನ್ನ ಗುರುಗಳೊಬ್ಬರ ಸ್ಮರಣ ಸಂಚಿಕೆಗೆ ಲೇಖನ ಬರೆಯಲು ಕುಳಿತೆ. ಅವರ ಗ್ರಂಥಗಳ ಪಟ್ಟಿ, ಪ್ರಕಟಣೆಯ ಇಸವಿಗಳು ಸರಾಗವಾಗಿ ಬಂದವು. ಮುಂದೆ ಲೇಖನಿ ನಿಂತಿತು. ಫೀಸಿಗೆ ಹಣವಿಲ್ಲದೆ ನಾನು ಅವರ ಮನೆ ಬಾಗಿಲಿಗೆ ಹೋದ ದಿನ ಅವರು ಹಣ ಕೊಟ್ಟದ್ದು ನೆನಪಿದೆ. ಏನು ಹೇಳಿ ಕೊಟ್ಟರೆಂಬುದು ನೆನಪಿಲ್ಲ. ನನ್ನ ಸಂಕೋಚವನ್ನು ಕಳೆದ ಆ ಮಾತನ್ನು ಅಂದೇ ಬರೆದಿಟ್ಟುಕೊಂಡಿದ್ದರೆ ಇಂದು ನಾಲ್ಕು ಜನ ಅವರನ್ನು ಕಾಣುತ್ತಿದ್ದರು. ಈಗ ಕೇಳೋಣವೆಂದರೆ ಗುರುಗಳಿಲ್ಲ. ಅಂದು ಒಳಗಿನಿಂದ ಕಾಫಿ ತಂದುಕೊಟ್ಟ ಅವರ ಮನೆಯವರೂ ಇಲ್ಲ.

ನಮ್ಮ ನಮ್ಮ ಊರುಗಳಲ್ಲಿಯೂ ಹೃದಯಸಂಪನ್ನರು ಇದ್ದಾರೆ. ಅವರನ್ನು ಕಂಡವರು ಎರಡು ಪುಟವಾದರೂ ಬರೆದಿಡಲಿ. ಆ ಎರಡು ಪುಟ ನನ್ನಲ್ಲಿಲ್ಲ.