ಹೆಸರಿಲ್ಲದ ತಾಮ್ರದ ಕಾಸು

1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರೆಂದು ಇದೇ ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೆವು. ಅಲ್ಲಿಯ ಜನ ಸಂತೆಗೆ ಯಾವ ಕಾಸು ಒಯ್ಯುತ್ತಿದ್ದರೆಂದು ಕೇಳಬೇಕೆಂದು ಆಗ ಹೊಳೆಯಲಿಲ್ಲ. ಬಿ.ಇ. ಮುಗಿಸಿ, ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಹವ್ಯಾಸದ ಓದಿನಲ್ಲಿ ಉತ್ತರ ಸಿಕ್ಕಿತು.

ಅಲ್ಲಿಯ ತಾಮ್ರದ ಕಾಸಿಗೆ ಫೋಲಿಸ್ ಎಂದು ಹೆಸರು. ಸುಮಾರು 970ರಲ್ಲಿ, ಒಂದನೇ ಜಾನ್ ಚಕ್ರವರ್ತಿಯ ಕಾಲಕ್ಕೆ, ಅದರ ಮೇಲಿನ ದೊರೆಯ ಮುಖವೂ ಹೆಸರೂ ಹೋದವು. ಒಂದು ಬದಿಗೆ ಸುವಾರ್ತೆಯ ಪುಸ್ತಕ ಹಿಡಿದ ಯೇಸು. ಇನ್ನೊಂದು ಬದಿಗೆ ಯೇಸು ಕ್ರಿಸ್ತನೇ ರಾಜಾಧಿರಾಜನೆಂಬ ಗ್ರೀಕ್ ಬರಹ. 1092ರ ನಾಣ್ಯ ಸುಧಾರಣೆಯವರೆಗೂ ದೊರೆಯ ಹೆಸರಿಲ್ಲದ ಇಂಥ ಕಾಸುಗಳು ಬರುತ್ತಲೇ ಇದ್ದವು.

ಹೆಸರಿಲ್ಲದ ಮೇಲೆ ಯಾವುದು ಮೊದಲು, ಯಾವುದು ಆಮೇಲೆ? ಎಷ್ಟೋ ಸಲ ಹಳೆಯ ಕಾಸನ್ನು ಕರಗಿಸದೆ ಅದರ ಮೇಲೆಯೇ ಹೊಸ ಅಚ್ಚು ಒತ್ತುತ್ತಿದ್ದರು. ಅಡಿಯಲ್ಲಿ ಉಳಿದ ಮಸುಕು ಗೆರೆಗಳಿಂದಲೇ ವಿದ್ವಾಂಸರು ಕಾಲಕ್ರಮ ಗುರುತಿಸಿದರು.

ನಮ್ಮ ಶಾಲೆಗೆ ಕಲ್ಲು, ಮಣ್ಣು ಹೊತ್ತವರ ಹೆಸರೂ ಯಾವ ಫಲಕದಲ್ಲೂ ಇಲ್ಲ. ಊರಿನ ಹಿರಿಯರ ನೆನಪಿನಲ್ಲಿ ಮಸುಕು ಗೆರೆಯಾದರೂ ಉಳಿದಿದೆ. ಸುವರ್ಣ ಮಹೋತ್ಸವದ ಈ ವರ್ಷವೇ ಅವರನ್ನು ಕೇಳಿ ಬರೆದಿಡೋಣ.